ಬೊನೆವಿಲ್ ಬಿಟ್ಟು ಟೈಗರ್ ತಂದೆ

ಇಂಗ್ಲೆಂಡಿನ ಕೊವೆಂಟ್ರಿಗೆ ಬಂದು ನೆಲೆಸಿದ ಮೇಲೆ ಹಳೆ ಬ್ರಿಟಿಷ್ ಬೈಕಿನ ಹುಚ್ಚು ಜಾಸ್ತಿಯಾಯಿತು. ಆದರೆ ಭಾನುವಾರ ಒರೆಸಿ ನಿಲ್ಲಿಸುವ ಗಾಡಿ ನನಗೆ ಬೇಡವಾಗಿತ್ತು. ಕೆಲಸ ಸೋಲಿಹಲ್‌ನಲ್ಲಿ. ಹೋಗಿ ಬರುವುದು ದಿನಕ್ಕೆ ಸುಮಾರು 24 ಮೈಲಿ. ಮಳೆಯಿರಲಿ, ಚಳಿಯಿರಲಿ, ಅದೇ ಗಾಡಿಯಲ್ಲಿ ಹೋಗಬೇಕು.

ಮೊದಲು ಮನಸ್ಸು ಹೋಗಿದ್ದು ಬಿಎಸ್ಎ ಬಿ31 ಮೇಲೆ. 350 ಸಿಸಿ, ಒಂದೇ ಸಿಲಿಂಡರ್, ಊರಲ್ಲಿ ಅಪ್ಪನ ಬುಲೆಟ್ ಥರವೇ ಡುಗುಡುಗು ಸದ್ದು. ಆದರೆ ಕರೆಂಟ್ 6 ವೋಲ್ಟ್. ಇಲ್ಲಿ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಬುಡ್ಡಿದೀಪದಂಥ ಹೆಡ್‌ಲೈಟ್ ಹಿಡಿದು ಲಾರಿಗಳ ಮಧ್ಯೆ ಹೋಗುವುದು ಬೇಡ ಅನ್ನಿಸಿತು. ನಾರ್ಟನ್ ಕಮ್ಯಾಂಡೋ ತುಂಬಾ ಇಷ್ಟವಾಯಿತು, ರಬ್ಬರ್ ಮೇಲೆ ಕೂರಿಸಿದ ಎಂಜಿನ್, ನಡುಕವೇ ಗೊತ್ತಾಗಲ್ಲ. ಬೆಲೆ ಕೇಳಿ ಸುಮ್ಮನೆ ವಾಪಸ್ ಬಂದೆ.

ಆಮೇಲೆ 1969ರ ಟ್ರಯಂಫ್ ಬೊನೆವಿಲ್ ಓಡಿಸಿ ನೋಡಿದೆ. ಗೇರ್ ಬುಲೆಟ್ ಥರ ಬಲಗಾಲಿಗೇ. ಆದರೆ ಲೆಕ್ಕ ಉಲ್ಟಾ! ಬುಲೆಟ್‌ನಲ್ಲಿ ಮೊದಲ ಗೇರ್ ಮೇಲೆ, ಉಳಿದವು ಕೆಳಗೆ. ಇದರಲ್ಲಿ ಮೊದಲನೆಯದು ಕೆಳಗೆ, ಉಳಿದವು ಮೇಲೆ. ಒಂದು ವೃತ್ತ ದಾಟಿದ ಮೇಲೆ ಮೂರನೇ ಗೇರ್ ಅಂದುಕೊಂಡು ಕೆಳಗೆ ಒತ್ತಿದೆ. ಹಿಂದಿನ ಚಕ್ರ ಕಿರ್ರೆಂದು ಕೂಗಿತು. ಎಡಗಾಲಿನ ಗೇರೇ ಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಬುಲೆಟ್ ನೆನಪು ಎಡಗಾಲಿಗೆ ಇಲ್ಲ, ಅಲ್ವಾ?

ಕೊನೆಗೆ ತಂದದ್ದು 1978ರ ಟ್ರಯಂಫ್ ಟೈಗರ್ 750. ಅದೇ ಕಾಲದ ಬೊನೆವಿಲ್‌ನ ಎಂಜಿನ್ನೇ, ಆದರೆ ಎರಡರ ಬದಲು ಒಂದೇ ಕಾರ್ಬುರೇಟರ್. ಎರಡಿದ್ದರೆ ಒಂದಕ್ಕೊಂದು ಹೊಂದಿಸುತ್ತಾ ಕೂರಬೇಕು. ಹೆಸರು ಕಡಿಮೆ ಅಂತ ಬೆಲೆಯೂ ಕಡಿಮೆ. ಎಡಗಾಲಿಗೆ ಐದು ಗೇರ್, 12 ವೋಲ್ಟ್, ಹಿಂದೆ ಮುಂದೆ ಡಿಸ್ಕ್ ಬ್ರೇಕ್. ಬಿಡಿಭಾಗಗಳು ಇವತ್ತಿಗೂ ಪೋಸ್ಟಿನಲ್ಲಿ ಮನೆಗೆ ಬರುತ್ತವೆ.

ಅದಕ್ಕೂ ಮೊದಲು ಇನ್ನೊಂದು ಟೈಗರ್ ನೋಡಿ ಬಿಟ್ಟಿದ್ದೆ. ನಾನು ಹೋದಾಗ ಅದರ ಎಂಜಿನ್ ಆಗಲೇ ಬಿಸಿಯಾಗಿತ್ತು. ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತಾ ಎಂದು ತಿಳಿಯುವುದು ಹೇಗೆ? ನಾನು ತಂದ ಈ ಗಾಡಿಯನ್ನು ತಣ್ಣಗಿದ್ದಾಗಲೇ ಕಿಕ್ ಮಾಡಿದೆ, ಮೂರನೇ ಕಿಕ್‌ಗೆ ಎದ್ದಿತು. ಎಂಜಿನ್ ನಂಬರ್, ಫ್ರೇಮ್ ನಂಬರ್ ಎರಡೂ ಒಂದೇ ಇದ್ದವು, ಅಂದರೆ ಬೇರೆ ಗಾಡಿಯ ಎಂಜಿನ್ ಕೂರಿಸಿಲ್ಲ. ಎಣ್ಣೆ ತುಂಬುವ ಬಾಯಿ ತೆರೆದು ಎಂಜಿನ್ನಿಂದ ಎಣ್ಣೆ ವಾಪಸ್ ಬರುತ್ತಿದೆಯಾ ನೋಡಿದೆ. ಇದರ ಎಣ್ಣೆ ಇರುವುದು ಫ್ರೇಮಿನ ಕೊಳವೆಯೊಳಗೇ. ಶೋಧಿಸಲು ಬರೀ ಜಾಲರಿ. ಹಾಗಾಗಿ 1500 ಮೈಲಿಗೊಮ್ಮೆ ತಪ್ಪದೆ ಬದಲಿಸುತ್ತೇನೆ.

ತಂದ ಮೊದಲ ವಾರವೇ ಒಂದು ಪೆದ್ದುತನ ಮಾಡಿದೆ. ಈ ಗಾಡಿಯಲ್ಲಿ ಬ್ಯಾಟರಿಯ ಪಾಸಿಟಿವ್ ಫ್ರೇಮಿಗೆ ಹೋಗುತ್ತದೆ. ಅದು ಮರೆತು, ಲೋಹದ ಮೈ ನೆಗೆಟಿವ್‌ಗೆ ಸೇರಿದ್ದ ಫೋನ್ ಚಾರ್ಜರನ್ನು ಫ್ರೇಮಿಗೇ ಬಿಗಿದೆ. ಫ್ಯೂಸ್ ಢಮಾರ್. ತಪ್ಪು ಪೂರ್ತಿ ನನ್ನದೇ.

ಇಲ್ಲಿ 40 ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆ ಇಲ್ಲ. ವರ್ಷಕ್ಕೊಮ್ಮೆ ಮಾಡಿಸುವ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ನಾನು ಮಾತ್ರ ದುಡ್ಡು ಕೊಟ್ಟು ಮಾಡಿಸುತ್ತೇನೆ. ದಿನಾ ಓಡುವ ಗಾಡಿಯ ಬ್ರೇಕನ್ನು ಇನ್ನೊಬ್ಬರ ಕಣ್ಣು ನೋಡಲಿ. ಪೆಟ್ರೋಲ್ ಇ5 (ಎಥನಾಲ್ ಶೇಕಡಾ 5ರವರೆಗೆ ಇರುವುದು) ಮಾತ್ರ, ಎಥನಾಲ್ ಜಾಸ್ತಿಯಾದರೆ ಹಳೆ ರಬ್ಬರ್ ಹಾಳಾಗುತ್ತದೆ.

55 ಮೈಲಿ ವೇಗದಲ್ಲಿ ಹಾಯಾಗಿರುತ್ತದೆ. 65 ದಾಟಿದರೆ ಕೈ ಜುಮ್ಮೆನ್ನುತ್ತದೆ. ಎ45 ರಸ್ತೆಯ ಪಕ್ಕದಲ್ಲಿ, ಮೆರಿಡೆನ್ ಹತ್ತಿರ, ಇದು ಹುಟ್ಟಿದ ಕಾರ್ಖಾನೆ ಇತ್ತು. 1978ರಲ್ಲಿ ಅದನ್ನು ನಡೆಸುತ್ತಿದ್ದುದು ಕಾರ್ಮಿಕರ ಸಹಕಾರ ಸಂಘ. ಈಗ ಅಲ್ಲಿ ಮನೆಗಳು. ದಿನಾ ಅದನ್ನು ದಾಟಿಯೇ ಕೆಲಸಕ್ಕೆ ಹೋಗುತ್ತೇನೆ. ಅದಕ್ಕೂ ಮೊದಲು, ಬೆಳಗ್ಗೆ ಕ್ಲಚ್ ಹಿಡಿದು ಎರಡು ಸಲ ಸುಮ್ನೆ ಒದೆಯಬೇಕು. ರಾತ್ರಿ ಅಂಟಿಕೊಂಡ ಪ್ಲೇಟುಗಳು ಬಿಡಿಸಿಕೊಳ್ಳಲಿ ಅಂತ.