ಕೋಳಿ ಜೀವಕೋಶದಲ್ಲಿ ರೌಸ್ ವೈರಸ್ ಎಲ್‌ಟಿಆರ್‌ನ ಶಕ್ತಿ ಅಳೆಯುವ ಬಗೆ

ಪುಣೆಯ ಲ್ಯಾಬುಗಳಿಗೆ ಹೊಸದಾಗಿ ಸೇರುವ ನಮ್ಮ ಕಡೆಯ ಹುಡುಗರಿಗೆ ಮೊದಲ ಮಾತು: ಹ್ಯಾಚರಿಯ ಮೊಟ್ಟೆಯಿಂದ ಕೋಶ ತೆಗೆಯಬೇಡಿ. ರೌಸ್ ವೈರಸ್ ಕೋಳಿಗೆ ಗಡ್ಡೆ ತರುವ ರೆಟ್ರೋವೈರಸ್, ಅಂದರೆ ತನ್ನ ಜೀನುಗಳನ್ನು ಕೋಶದ ಡಿಎನ್‌ಎಗೆ ಸೇರಿಸಿಬಿಡುವ ಜಾತಿ. ಮಾಮೂಲಿ ಕೋಳಿಯ ಜೀನೋಮಿನಲ್ಲೇ ಅಂಥ ಹಳೆಯ ವೈರಸ್‌ಗಳ ತುಣುಕುಗಳು ಕೂತಿರುತ್ತವೆ. ಅವುಗಳಲ್ಲಿ ರೌಸ್ ವೈರಸ್‌ಗೆ ಹತ್ತಿರದವು ಇಲ್ಲದ ತಳಿಯಿಂದ ಬಂದ ಡಿಎಫ್-1 ಕೋಶಗಳೇ ವಾಸಿ. ಅವನ್ನು 39 ಡಿಗ್ರಿಯಲ್ಲಿ, 5% ಇಂಗಾಲದ ಡೈಆಕ್ಸೈಡ್‌ನಲ್ಲಿ ಬೆಳೆಸಿ.

ಎಲ್‌ಟಿಆರ್ ಅಂದರೆ ವೈರಸ್ ಡಿಎನ್‌ಎಯ ಎರಡೂ ತುದಿಯಲ್ಲಿದ್ದು ಅದರ ಜೀನುಗಳನ್ನು ಚಾಲೂ ಮಾಡುವ ಭಾಗ; ಸುಮಾರು 330 ಬೇಸ್ ಉದ್ದ. ಜೀನಿನ ಕೆಲಸ ಜೋರು ಮಾಡುವ ಎನ್‌ಹ್ಯಾನ್ಸರ್, ಜೀನಿನ ಓದು ಎಲ್ಲಿ ಶುರುವಾಗಬೇಕೆಂದು ಗುರುತಿಸುವ ಟಾಟಾ ಬಾಕ್ಸ್ ಎರಡೂ ಅದರ ಯು3 ಎಂಬ ಮೊದಲ ಭಾಗದಲ್ಲಿವೆ. ಮೂರು ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ) ಬೇಕು: ಬೆಳಕು ಕೊಡುವ ಫೈರ್‌ಫ್ಲೈ (ಮಿಂಚುಹುಳದ) ಲೂಸಿಫೆರೇಸ್ ಜೀನಿಗೆ ಮೊದಲು ಪೂರ್ತಿ ಎಲ್‌ಟಿಆರ್ ಇರುವುದು, ಎನ್‌ಹ್ಯಾನ್ಸರ್ ಕತ್ತರಿಸಿದ್ದು, ಜೀನನ್ನು ಚಾಲೂ ಮಾಡುವ ಪ್ರಮೋಟರೇ ಇಲ್ಲದ್ದು. ಕತ್ತರಿಸುವಾಗ ಟಾಟಾ ಬಾಕ್ಸ್ ಮುಟ್ಟಬಾರದು. ಅದು ಹೋದರೆ ಎನ್‌ಹ್ಯಾನ್ಸರ್ ಬಗ್ಗೆ ನೀವು ಹೇಳುವುದಕ್ಕೆ ಅರ್ಥವಿರುವುದಿಲ್ಲ.

24 ಗುಂಡಿಯ ಪ್ಲೇಟಿನಲ್ಲಿ ಗುಂಡಿಗೆ 1 ಲಕ್ಷ ಕೋಶ ಹಾಕಿ. ಮರುದಿನ 70% ತುಂಬಿದಾಗ ಒಟ್ಟು 500 ನ್ಯಾನೋಗ್ರಾಂ ಡಿಎನ್‌ಎ ಸೇರಿಸಿ. ಅದರಲ್ಲಿ 10 ನ್ಯಾನೋಗ್ರಾಂ ರೆನಿಲ್ಲಾ (ಹೋಲಿಕೆಗೆ ಬಳಸುವ ಇನ್ನೊಂದು ಲೂಸಿಫೆರೇಸ್) ಕಂಟ್ರೋಲ್ ಇರಲಿ, ಅದೂ ದುರ್ಬಲವಾದ ಟಿಕೆ ಪ್ರಮೋಟರ್‌ನದು. ಸಿಎಂವಿಯಂಥ ಜೋರಿನ ಪ್ರಮೋಟರ್ ಹಾಕಿದರೆ ಅದು ಅದೇ ಪ್ರೋಟೀನುಗಳಿಗೆ ಪೈಪೋಟಿ ಕೊಟ್ಟು ಎಲ್‌ಟಿಆರ್ ಮಂಕಾದಂತೆ ತೋರಿಸುತ್ತದೆ. 48 ಗಂಟೆಗೆ ಕೋಶ ಒಡೆದು ಎರಡೂ ಬೆಳಕು ಅಳೆದು, ಫೈರ್‌ಫ್ಲೈ ಅಂಕಿಯನ್ನು ರೆನಿಲ್ಲಾದಿಂದ ಭಾಗಿಸಿ.

ಅಂಕಿ ದಿನಕ್ಕೊಂದು ಥರ ಬರುತ್ತಿದೆಯೇ? ಕೋಶ ಬೆಳೆಸುವ ದ್ರವದಲ್ಲಿ ಹಾಕುವ ಸೀರಂ (ರಕ್ತದ ತಿಳಿ ಭಾಗ) ನೋಡಿ. ಯು3ನಲ್ಲಿ ಸೀರಂಗೆ ಸ್ಪಂದಿಸುವ ಸಿಎಆರ್‌ಜಿ ಬಾಕ್ಸ್ ಇದೆ. ಹೊಸ ಬಾಟಲಿ ತೆರೆದರೂ ಫಲಿತಾಂಶ ಅಲುಗಾಡಬಹುದು. ಪೂರ್ತಿ ಪ್ರಯೋಗಕ್ಕೆ ಒಂದೇ ಬ್ಯಾಚ್ ಎತ್ತಿಡಿ. ಮಳೆಗಾಲದಲ್ಲಿ ಇನ್‌ಕ್ಯುಬೇಟರಿನ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ತೊಳೆಯದಿದ್ದರೆ ಬೂಷ್ಟು ಗ್ಯಾರಂಟಿ.