ಎಪಿಕ್ಲೋರೊಹೈಡ್ರಿನ್ ಬಾಟ್ಲಿ, ನಮ್ಮ ಕಲಬುರಗಿ ಬ್ಯಾಸಿಗಿ

ಎಸ್-ಎಪಿಕ್ಲೋರೊಹೈಡ್ರಿನ್ ಅನ್ನೋ ದ್ರವ ಒಂದು ಕೈರಲ್ ಎಪಾಕ್ಸೈಡ್, ಅಂದ್ರ ಮೂರು ಪರಮಾಣುವಿನ ರಿಂಗ್ ಇರೋದು, ಎಡಗೈ-ಬಲಗೈ ತರ ಎಸ್ ಮತ್ತ ಆರ್ ಅಂತ ಎರಡು ರೂಪ ಇರೋದು; ಔಷಧ ಸಿಂಥೆಸಿಸ್ ಮಾಡೋವ್ರಿಗೆ ಪರಿಚಯ ಇದ್ದದ್ದೇ. ಸೇಫ್ಟಿ ಕಾಗದದಾಗ ಫ್ಲಾಶ್ ಪಾಯಿಂಟ್ (ಆವಿಗೆ ಕಿಡಿ ಬಿದ್ರ ಹೊತ್ಕೊಳ್ಳೋ ಕನಿಷ್ಠ ಉಷ್ಣತೆ) ಸುಮಾರು 32 ಡಿಗ್ರಿ ಅಂತ ಇರ್ತದ, ತಂಪು ಊರಾಗ ಇರೋವ್ರು ಓದಿ ಮುಂದ ಹೋಗ್ತಾರ, ಆದ್ರ ನಮ್ಮ ಕಲಬುರಗ್ಯಾಗ ಮೇ ತಿಂಗಳ ಹೊರಗ 42 ದಾಟ್ತದ, ಲ್ಯಾಬ್ ಒಳಗೂ 36 ಇರ್ತದ, ಅಂದ್ರ ಮುಚ್ಚಳ ತಗದ್ರ ಸಾಕು, ಮ್ಯಾಲಿನ ಆವಿಗೆ ಒಂದು ಕಿಡಿ ಬಿದ್ರ ಹೊತ್ಕೊಂತದ. ಅದಕ್ಕ ಬ್ಯಾಸಿಗ್ಯಾಗ ನಾ ಇದನ್ನ ಮುಂಜಾನಿ 8ರ ಒಳಗ ತೂಕ ಮಾಡಿ ಮುಗಸ್ತೀನಿ.

ಮೊದಲ ವರ್ಷ ಲೇಟೆಕ್ಸ್ ಗ್ಲೌಸ್ ಹಾಕ್ಕೊಂಡು ಸಿರಿಂಜಿನಾಗ ತಗೋಳ್ಳುವಾಗ ಹೆಬ್ಬೆರಳ ಹತ್ರ ಒಂದು ಹನಿ ಬಿತ್ತು. ಏನೂ ಉರೀಲಿಲ್ಲ, ಒರಸಿ ಸುಮ್ನಾದೆ. ರಾತ್ರಿ ರೊಟ್ಟಿ ಮುರಿಯೋವಾಗ ಉರಿ ಶುರು ಆತು, ಮುಂಜಾನಿ ನೋಡಿದ್ರ ಗುಳ್ಳಿ ಎದ್ದಿತ್ತು. ಸೀನಿಯರ್ ಅಕ್ಕ ನೋಡಿ, "ಉರೀತದೋ ಇಲ್ಲೋ ಅಂತ ದಾರಿ ನೋಡಬ್ಯಾಡಪ್ಪ, ಹನಿ ಬಿದ್ದ ಕೂಡ್ಲೆ ಗ್ಲೌಸ್ ತಗದು ಕೈ ತೊಳಕೋ" ಅಂದ್ರು. ಲೇಟೆಕ್ಸ್ ದಾಟಿ ಚರ್ಮದೊಳಗ ಇಳೀತದ, ತೆಳು ನೈಟ್ರೈಲ್ ಕೂಡ ಭಾಳ ಹೊತ್ತು ತಡ್ಯೋದಿಲ್ಲ. ಈಗ ನಾ ಬ್ಯೂಟೈಲ್ ರಬ್ಬರ್ ಬಿಟ್ಟು ಬ್ಯಾರೆ ಮುಟ್ಟೋದಿಲ್ಲ. ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ಇದನ್ನ 2ಎ ಗುಂಪಿನಾಗ ಇಟ್ಟದ, ಅಂದ್ರ ಮನುಷ್ಯರಿಗೆ ಕ್ಯಾನ್ಸರ್ ತರೋ ಸಂಭವ ಇರೋದು.

ಕ್ಲೋರೋಫಾರ್ಮ್ ತರ ವಾಸನಿ ಬರ್ತದ, ಆದ್ರ ಮೂಗಿಗೆ ಗೊತ್ತಾಗೋ ಹೊತ್ತಿಗೆ ಸುರಕ್ಷಿತ ಮಿತಿ ದಾಟಿರ್ತದ. ಕರೆಂಟ್ ಹೋಗಿ ಫ್ಯೂಮ್ ಹುಡ್ (ಆವಿ ಹೊರಗ ಎಳೆಯೋ ಗಾಜಿನ ಪೆಟ್ಟಿಗಿ) ಫ್ಯಾನ್ ನಿಂತ್ರ ಬಾಟ್ಲಿ ಮುಚ್ಚಿ, ಹುಡ್ ಗಾಜು ಕೆಳಗ ಎಳದು ಎಲ್ಲಾರೂ ಹೊರಗ ಹೋಗ್ತೀವಿ. ವೇಸ್ಟ್ ಬಾಟ್ಲಿಗೆ ಆಸಿಡ್, ಅಮೀನ್ ಹಾಕಂಗಿಲ್ಲ, ಕಾಯ್ದು ಪಾಲಿಮರ್ ಆಗಿ ಬಾಟ್ಲಿ ಸಿಡೀತದ.

ಇನ್ನೊಂದು ನನ್ನ ಮನಸಿಗೆ ಭಾಳ ಹತ್ತಿದ್ದು. ರಿಯಾಕ್ಷನ್ ಮುಗದ ಮ್ಯಾಲ ಉಳದಿದ್ದನ್ನ ವಾಪಸ್ ತಗದು ಇಟ್ಟಿದ್ದೆ, ಪೋಲಾರಿಮೀಟರ್‌ನಾಗ (ಬೆಳಕು ಎಷ್ಟು ತಿರುಗ್ತದ ಅಂತ ಅಳೆಯೋ ಯಂತ್ರ) ಮೆಥನಾಲ್ ಒಳಗ ರೊಟೇಶನ್ +34 ಬರಬೇಕಾದ್ದು 20ರ ಒಳಗ ಬಂತು. ಕ್ಲೋರೈಡ್ ಉಳಕೊಂಡಿತ್ತು. ಅದು ಹೋಗಿ ಎಪಾಕ್ಸೈಡ್ ರಿಂಗ್ ತೆರೀತದ, ಆಗ ಎರಡೂ ತುದಿಗೆ ಒಂದೇ ತರ ಕ್ಲೋರಿನ್ ಇರೋದ್ರಿಂದ ರಿಂಗ್ ಯಾವ ಕಡಿಗಾದ್ರೂ ಮುಚ್ಕೋಬಹುದು, ಎಸ್ ಮತ್ತ ಆರ್ ಕಲೆತು ಹೋಗ್ತಾವ, ಸೆಕಿ ಇದ್ರ ಇನ್ನೂ ಜಲ್ದಿ. ಅವತ್ತಿಂದ ಬಾಟ್ಲಿ 2ರಿಂದ 8 ಡಿಗ್ರಿ ಒಳಗ, ಕಿಡಿ ಹಾರದ ಲ್ಯಾಬ್ ಫ್ರಿಜ್‌ನಾಗ ಇಡ್ತೀನಿ, ಲೇಬಲ್ ಮ್ಯಾಲ ತೆರೆದ ತಾರೀಖು, ಅವತ್ತಿನ ರೂಮ್ ಟೆಂಪರೇಚರ್, ಕೊನೀ ರೊಟೇಶನ್ ಮೂರೂ ಬರೀತೀನಿ.