ಆರು ಹುಡುಗರಿಂದ ಶುರು ಮಾಡ್ರಿ: ಹಳ್ಳಿ ಶಾಲೆಯಲ್ಲಿ ಸ್ಕೌಟ್ ದಳ ಬೆಳೆಸುವ ಬಗೆ

ಮೊದಲ ಸಲ ನಾನು ನಲವತ್ತು ಹುಡುಗರನ್ನು ಹೊಂದಿಸಿದ್ದೆ. ಬೀಳಗಿ ತಾಲೂಕಿನ ಹೈಸ್ಕೂಲೊಂದಕ್ಕೆ ಗಣಿತ ಮಾಸ್ತರನಾಗಿ ಬಂದು ಆಗ ಎರಡನೇ ವರ್ಷ. ಪಾಲಕರಿಂದ ದುಡ್ಡು ಕೂಡಿಸಿ ಸಮವಸ್ತ್ರ ಹೊಲಿಸಿದೆ, ಆಗಸ್ಟ್ 15ಕ್ಕೆ ಊರ ತುಂಬ ಕವಾಯತು ಮಾಡಿಸಿದೆ, ಹಿರಿಯರು ಶಾಲು ಹೊದಿಸಿದರು. ದಸರಾ ರಜೆ ಮುಗಿದು ಬಂದು ನೋಡಿದರೆ ಶನಿವಾರದ ಸಭೆಗೆ ಒಂಬತ್ತು ಜನ. ದೀಪಾವಳಿ ಹೊತ್ತಿಗೆ ಅವರೂ ಇಲ್ಲ. ಕಬ್ಬು ಕಡಿಯುವ ಕಾಲ ಬಂತು, ಅದಕ್ಕೇ ಬರ್ತಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖರೇ ಹೇಳಬೇಕೆಂದರೆ, ಎಡ-ಬಲ ಹೆಜ್ಜೆ ಹಾಕುವುದು ಬಿಟ್ಟು ಆ ಹುಡುಗರಿಗೆ ನಾನು ಬೇರೆ ಕೆಲಸವನ್ನೇ ಕೊಟ್ಟಿರಲಿಲ್ಲ.

ಮರುವರ್ಷ ಜೂನ್‌ನಲ್ಲಿ ಆರೇ ಹುಡುಗರನ್ನು ಕೂಡಿಸಿಕೊಂಡೆ. ಐದನೇ ವರ್ಷಕ್ಕೆ ನಾಲ್ಕು ಗುಂಪುಗಳ ತುಂಬು ದಳವಾಯಿತು, ಬಾಜೂಕ್ಕೇ ಹುಡುಗಿಯರ ಒಂದು ಗೈಡ್ ದಳವೂ ಬೆಳೆಯಿತು. ಹೊಸದಾಗಿ ಶುರು ಮಾಡುವ ಮಾಸ್ತರರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನೀವು ಕಲಿಯಿರಿ

ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಜಿಲ್ಲಾ ಸಂಸ್ಥೆಗೆ ಹೋಗಿ ಬೇಸಿಕ್ ಕೋರ್ಸಿಗೆ ಹೆಸರು ಕೊಡಿ. ಏಳು ದಿನ ಡೇರೆಯಲ್ಲಿ ಇರಬೇಕಾಗುತ್ತದೆ. ನಾನು ದಾವಣಗೆರೆ ಕಡೆಯ ಕೊಂಡಜ್ಜಿ ಕೇಂದ್ರದಲ್ಲಿ ಮುಗಿಸಿದೆ. ಮೂವತ್ತೆಂಟರ ವಯಸ್ಸಿನಲ್ಲಿ ಬೆಳಿಗ್ಗೆ ಐದಕ್ಕೆ ಸೀಟಿ ಕೇಳಿ ಏಳುವುದು, ಇನ್ನೊಬ್ಬರು ಬಂದು ನನ್ನ ಹಾಸಿಗೆ ಮಡಿಕೆ ನೋಡಿ ಅಂಕ ಹಾಕುವುದು, ಮೊದಲ ಎರಡು ದಿನ ಸಿಟ್ಟು ಬರಿಸಿತು. ನಾಲ್ಕನೇ ದಿನ ನನ್ನ ಗುಂಪಿನ ಅಡುಗೆಯಲ್ಲಿ ಅನ್ನ ಸೀದು ಹೋಯಿತು, ಎಂಟು ಮಂದಿ ಮಾಸ್ತರರು ನಕ್ಕೊಂತ ಅದನ್ನೇ ಉಂಡೆವು. ಸಿಟ್ಟು ಹೋದದ್ದು ಅವತ್ತು. ತರಬೇತಿ ಇಲ್ಲದೆ ದಳ ಕಟ್ಟಿದರೆ ನನ್ನ ಮೊದಲ ವರ್ಷದ ಗತಿಯೇ ನಿಮ್ಮದೂ ಆಗುತ್ತದೆ. ನೋಂದಣಿ, ವಾರ್ಷಿಕ ಶುಲ್ಕ, ಮುಖ್ಯ ಗುರುಗಳ ಸಹಿ ಎಲ್ಲ ಅರ್ಧ ದಿನದ ಕೆಲಸ, ಅದಕ್ಕೆ ಹೆದರಬೇಡಿ.

ಪೆಟ್ರೋಲ್ ಅಂದರೆ ಬಂಕ್ ಅಲ್ಲ

"ಪೆಟ್ರೋಲ್ ಲೀಡರ್ ಅಂದ್ರ ಬಂಕಿನ್ಯಾಂವ ಏನ್ರಿ ಸರ?" ಅಂತ ಮೊದಲ ದಿನವೇ ಒಬ್ಬ ಕೇಳಿದ. ಆರರಿಂದ ಎಂಟು ಹುಡುಗರ ಗುಂಪಿಗೆ ಪೆಟ್ರೋಲ್ ಅನ್ನುತ್ತೇವೆ, ಅದಕ್ಕೊಬ್ಬ ಮುಂದಾಳು. ಇಡೀ ಪದ್ಧತಿ ನಿಂತಿರುವುದೇ ಇದರ ಮೇಲೆ. 1907ರ ಆಗಸ್ಟ್‌ನಲ್ಲಿ ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಕರಕೊಂಡು ಹೋದದ್ದು ಬರೀ ಇಪ್ಪತ್ತು ಹುಡುಗರನ್ನು. ತೋಳ, ಗೂಳಿ, ಕಾಗೆ ಜಾತಿಯ ರೇವನ್, ನೀರುಹಕ್ಕಿ ಕರ್ಲ್ಯೂ ಅಂತ ನಾಲ್ಕು ಪೆಟ್ರೋಲ್ ಮಾಡಿದ. ಸಿರಿವಂತರ ಶಾಲೆಯ ಹುಡುಗರನ್ನೂ ದುಡಿಯುವವರ ಮನೆಯ ಹುಡುಗರನ್ನೂ ಒಂದೇ ಪೆಟ್ರೋಲ್‌ಗೆ ಹಾಕಿದ. ಮೊದಲ ಸಭೆಯಲ್ಲಿ ಇದೊಂದು ಕಥೆ ಹೇಳಿ, ಸಾಕು. 1909ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ದಳ ಹುಟ್ಟಿದ್ದು, ಆಗ ನಮ್ಮ ಮಕ್ಕಳಿಗೆ ಅದರೊಳಗೆ ಜಾಗ ಇರದಿದ್ದದ್ದು, ಆನಿ ಬೆಸೆಂಟ್, ಮದನ ಮೋಹನ ಮಾಳವೀಯರಂಥವರು ಬೇರೆ ದಳ ಕಟ್ಟಿದ್ದು, 1950ರ ನವೆಂಬರ್ 7ರಂದು ಸ್ಕೌಟ್ ಸಂಘಗಳು ಒಂದಾದದ್ದು ಇವೆಲ್ಲ ಸ್ಕೌಟಿನ ಮೊದಲ ಮೆಟ್ಟಿಲಾದ ಪ್ರವೇಶ ಪರೀಕ್ಷೆ ಹತ್ತಿರ ಬಂದಾಗ ಹೇಳಿದರಾಯಿತು.

ಪೆಟ್ರೋಲ್ ವಿಂಗಡಿಸುವಾಗ ನಾನು ಮಾಡಿದ ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಸಂಜೆ ಕೂಡಲು ಅನುಕೂಲ ಅಂತ ಓಣಿಗೊಂದು ಪೆಟ್ರೋಲ್ ಮಾಡಿದೆ. ನಮ್ಮ ಹಳ್ಳಿಗಳಲ್ಲಿ ಓಣಿ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಶಿಬಿರದ ರಾತ್ರಿ ಒಂದು ಒಲೆಯ ಸಾರನ್ನು ಇನ್ನೊಂದು ಪೆಟ್ರೋಲಿನ ಹುಡುಗರು ಮುಟ್ಟಲಿಲ್ಲ. ಯಾರೂ ಬಾಯಿ ಬಿಟ್ಟು ಏನೂ ಅನ್ನಲಿಲ್ಲ, "ಹೊಟ್ಟಿ ತುಂಬೇತ್ರಿ ಸರ" ಅಂದರು ಅಷ್ಟೆ. ಮರುದಿನ ಬೆಳಿಗ್ಗೆಯೇ ಎಲ್ಲ ಪೆಟ್ರೋಲ್ ಒಡೆದು ಚೀಟಿ ಎತ್ತಿಸಿದೆ. ಇಬ್ಬರು ಹುಡುಗರು ದಳ ಬಿಟ್ಟರು. ಬಿಡಲಿ ಅಂದೆ. ಒಬ್ಬ ಮುಂದಿನ ವರ್ಷ ತಾನಾಗಿ ವಾಪಸ್ ಬಂದ.

ಹೆಸರು ಅವರೇ ಇಟ್ಟುಕೊಳ್ಳಲಿ. ಸ್ಕೌಟ್‌ಗಳಿಗೆ ಪ್ರಾಣಿ-ಪಕ್ಷಿ, ಗೈಡ್‌ಗಳಿಗೆ ಹೂವಿನ ಹೆಸರು ವಾಡಿಕೆ. ಹುಲಿ, ಸಿಂಹ ಅಂತ ಶುರುವಾದಾಗ ನಾನು ಕೇಳಿದೆ: "ನೀವು ಕಣ್ಣಾರೆ ನೋಡಿದ ಪ್ರಾಣಿ ಹೇಳ್ರಿ." ಮುಧೋಳ ನಾಯಿ ಬಂತು, ನವಿಲು ಬಂತು, ಯಡಹಳ್ಳಿ ಅಡವಿಯ ಚಿಂಕಾರ ಹುಲ್ಲೆ ಬಂತು. ಚಿಂಕಾರ ಪೆಟ್ರೋಲಿನವರು ಅದೇ ವರ್ಷ ಆ ಅಡವಿಯ ಅಂಚಿಗೆ ಹೋಗಿ ಹೆಜ್ಜೆ ಗುರುತು ಬರೆದುಕೊಂಡು ಬಂದರು.

ಇಷ್ಟಾದ ಮೇಲೆ ನೀವು ಮಾತು ಕಡಿಮೆ ಮಾಡಬೇಕು. ಗಂಟು ಕಲಿಸುವುದು, ಹಾಜರಿ ಹಾಕುವುದು, ಬಾರದವನ ಮನೆಗೆ ಹೋಗಿ ಕೇಳುವುದು ಎಲ್ಲ ಪೆಟ್ರೋಲ್ ಲೀಡರ್ ಕೆಲಸ. ನಾನು ಲೀಡರ್‌ಗಳಿಗೆ ಮಾತ್ರ ಬುಧವಾರ ಅರ್ಧ ತಾಸು ಹೇಳಿಕೊಡುತ್ತಿದ್ದೆ, ಶನಿವಾರ ಅವರು ಉಳಿದವರಿಗೆ ಹೇಳಿಕೊಡುತ್ತಿದ್ದರು. ತಪ್ಪು ಕಲಿಸುತ್ತಾರಲ್ಲ ಅಂತ ಕೈ ತುರಿಸುತ್ತದೆ. ಸುಮ್ಮನೆ ಗಿಡದ ನೆರಳಿಗೆ ನಿಂತುಕೊಳ್ಳಿ.

ಹಗ್ಗ ತರಲು ಅಂಗಡಿ ಬೇಡ

ಪೇಟೆಯ ನೈಲಾನ್ ಹಗ್ಗ ಜಾರುತ್ತದೆ. ಸಂತೆಯಲ್ಲಿ ನೂಲಿನ ಹಗ್ಗ ಕೊಂಡು ಮೂರು ಮೂರು ಮೀಟರಿಗೆ ಕತ್ತರಿಸಿ, ತುದಿಗೆ ದಾರ ಸುತ್ತಿಸಿ. ಆ ಸುತ್ತುವಿಕೆಯೇ ಮೊದಲ ಪಾಠ. ನಾನು ಕ್ಲೋವ್ ಹಿಚ್ ಅಂತ ಬೋರ್ಡಿನ ಮೇಲೆ ಚಿತ್ರ ಬಿಡಿಸುತ್ತಿದ್ದಾಗ ಹಿಂದಿನಿಂದ ಒಬ್ಬ ಅಂದ, "ಸರ, ಇದನ್ನ ನಮ್ಮಪ್ಪ ದಿನಾ ಎಮ್ಮಿ ಗೂಟಕ್ಕ ಹಾಕ್ತಾನ್ರಿ. ನೀವು ಅದಕ್ಕ ಇಂಗ್ಲಿಷ್ ಹೆಸರಿಟ್ಟೀರಿ ಅಷ್ಟ." ಮುಂದಿನ ಶನಿವಾರ ಅವರಪ್ಪನನ್ನೇ ಕರೆಸಿದೆ. ಚಕ್ಕಡಿಗೆ ಮೇವಿನ ಹೇರು ಬಿಗಿಯುವ ರೀತಿ ತೋರಿಸಿ ಹೋದ. ಅವತ್ತಿನಿಂದ ನಮ್ಮ ದಳ ಊರಿನವರದೂ ಆಯಿತು, ಅಲ್ಲಿಯವರೆಗೆ ಅದು ಮಾಸ್ತರನ ಹುಚ್ಚಾಗಿತ್ತು. ಬೋಲೈನ್ ಗಂಟು ಮಾತ್ರ ಎಲ್ಲರಿಗೂ ಬರಲೇಬೇಕು ಅಂತ ಹಟ ಹಿಡಿಯಿರಿ. ಅದರ ಕುಣಿಕೆ ಭಾರ ಬಿದ್ದರೂ ಬಿಗಿಯುವುದಿಲ್ಲ, ಬಾವಿಗೆ ಬಿದ್ದವರ ಎದೆಗೆ ಹಾಕಿ ಎತ್ತಲು ಅದೇ ಬೇಕು.

ಅಡುಗೆಯೂ ಹೀಗೇ. ಪಾತ್ರೆ ಇಲ್ಲದೆ ಬೇಯಿಸುವುದು ಅಂತ ಪುಸ್ತಕದಲ್ಲಿರುತ್ತದೆ. ಎಳೆ ಜೋಳದ ತೆನೆ, ಅಂದರೆ ಸೀತನಿ, ಸುಡುವ ಸೀಮೆಯ ಹುಡುಗರಿಗೆ ಅದು ಹೊಸದೇನಲ್ಲ. ಜೋಳ ಹಾಲುಗಾಳು ಕಟ್ಟುವ ದಿನಗಳಲ್ಲಿ ಶಿಬಿರ ಇಟ್ಟುಕೊಳ್ಳಿ, ಕೆಂಡದಲ್ಲಿ ಸುಟ್ಟ ಬದನೆಕಾಯಿಗೆ ಶೇಂಗಾ ಚಟ್ನಿ, ಮನೆಯಿಂದ ತಂದ ಕಟಕ ರೊಟ್ಟಿ. ನಮ್ಮ ಶಿಬಿರಕ್ಕೆ ಬಂದ ಪರೀಕ್ಷಕರು ಎರಡು ಸಲ ಹಾಕಿಸಿಕೊಂಡರು.

ಪ್ರಥಮ ಚಿಕಿತ್ಸೆಯಲ್ಲಿ ನಮ್ಮ ಕಡೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ಹಾವು ಕಡಿತ. ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಡಿಸಿಕೊಂಡವನನ್ನು ನಡೆಸದೆ, ಕೈಕಾಲು ಅಲುಗಾಡಿಸದೆ ನೇರ ದವಾಖಾನೆಗೆ. ಇದನ್ನು ಹುಡುಗರು ಮನೆಗೆ ಹೋಗಿ ಅಜ್ಜನಿಗೆ ಹೇಳಿ ಬೈಸಿಕೊಂಡು ಬರಲಿ, ಪರವಾಗಿಲ್ಲ.

ಸೋಪಾನದ ಲೆಕ್ಕ

ಗಣಿತ ಮಾಸ್ತರನಾಗಿಯೂ ನನಗೆ ತಡವಾಗಿ ಹೊಳೆದ ಲೆಕ್ಕ ಇದು. ಸ್ಕೌಟ್ ಏರಬೇಕಾದ ಮೆಟ್ಟಿಲುಗಳು ಇವು: ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದೊಂದರ ನಡುವೆ ತಿಂಗಳುಗಟ್ಟಲೆ ಅಂತರ ಇರಲೇಬೇಕು. ನಮ್ಮ ಹೈಸ್ಕೂಲಿನಲ್ಲಿ ಹುಡುಗ ಇರುವುದು ಎಂಟರಿಂದ ಹತ್ತರವರೆಗೆ, ಮೂರೇ ವರ್ಷ. ಹತ್ತನೇ ತರಗತಿಯಲ್ಲಿ ಅರ್ಧ ವರ್ಷ ವಿಶೇಷ ತರಗತಿಗೇ ಹೋಗುತ್ತದೆ. ಎಂಟರಲ್ಲಿ ಸೇರಿದವನು ತೃತೀಯಕ್ಕೆ ಬರುವಷ್ಟರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗೆ ನಿಂತಿರುತ್ತದೆ. ಮೊದಲ ತಂಡದ ಚುರುಕಾದ ಹುಡುಗರೆಲ್ಲ ಹೀಗೇ ಅರ್ಧಕ್ಕೆ ನಿಂತರು.

ಆದ್ದರಿಂದ ಪ್ರಾಥಮಿಕ ಶಾಲೆಗೆ ಹೋಗಿ. ಸ್ಕೌಟ್ ಆಗಲು ಹತ್ತು ವರ್ಷ ತುಂಬಿದ್ದರೆ ಸಾಕು. ಅಲ್ಲಿನ ಒಬ್ಬ ಗುರುಗಳನ್ನೋ ಅಕ್ಕೋರನ್ನೋ ಒಪ್ಪಿಸಿ ಆರನೇ ತರಗತಿಯಲ್ಲೇ ಪ್ರವೇಶ ಮುಗಿಸಿಬಿಟ್ಟರೆ ಎಂಟಕ್ಕೆ ಬರುವಾಗ ಹುಡುಗ ದ್ವಿತೀಯದಲ್ಲಿ ಇರುತ್ತಾನೆ. ನಾನು ತಿಂಗಳಿಗೆ ಎರಡು ಸಲ ನಮ್ಮ ಒಂಬತ್ತನೇ ತರಗತಿಯ ಲೀಡರ್‌ಗಳನ್ನು ಅಲ್ಲಿಗೆ ಕಳಿಸುತ್ತಿದ್ದೆ. ದಳ ಬೆಳೆದದ್ದು ಇದರಿಂದಲೇ. ಆದರೂ ಒಂದು ದಳಕ್ಕೆ 32ಕ್ಕಿಂತ ಹೆಚ್ಚು ಹುಡುಗರು ಬೇಡ, ಎಂಟೆಂಟರ ನಾಲ್ಕು ಪೆಟ್ರೋಲ್ ಒಬ್ಬ ಮಾಸ್ತರನಿಗೆ ಹೊಟ್ಟೆ ತುಂಬ ಕೆಲಸ.

ಗೈಡ್ ದಳ

ಹುಡುಗಿಯರ ದಳಕ್ಕೆ ಗೈಡ್ ಕ್ಯಾಪ್ಟನ್ ಆಗಿ ಮಹಿಳಾ ಶಿಕ್ಷಕಿಯೇ ಬೇಕು. ನಮ್ಮ ಹಿಂದಿ ಅಕ್ಕೋರು ಒಪ್ಪಿ ತರಬೇತಿಗೆ ಹೋದರು. ಅವರು ಮಾಡಿದ ಜಾಣತನ ಏನೆಂದರೆ, ಮೊದಲು ತಾಯಂದಿರನ್ನು ಕರೆದರು. ಎಲ್ಲಿ ಮಲಗುತ್ತಾರೆ, ಶೌಚಾಲಯ ಎಲ್ಲಿದೆ, ರಾತ್ರಿ ಜೊತೆಗೆ ಯಾರಿರುತ್ತಾರೆ, ಫೋನ್ ಯಾರ ಕೈಯಲ್ಲಿರುತ್ತದೆ, ಈ ನಾಲ್ಕನ್ನೂ ಅವರು ಕೇಳುವ ಮೊದಲೇ ಹೇಳಿದರು. "ಹಂಗಾದ್ರ ನಮ್ಮಾಕಿನ್ನೂ ಬರಕೋರಿ ಯವ್ವಾ" ಅಂತ ಮೊದಲು ಎದ್ದವಳು ಮಗಳನ್ನು ಸಂತೆಗೂ ಒಬ್ಬಳೇ ಕಳಿಸದಾಕೆ.

ಹೊರಗೆ ಹೊರಡುವಾಗ

ಪಾಲಕರ ಒಪ್ಪಿಗೆ ಪತ್ರ, ಇಲಾಖೆಯ ಅನುಮತಿ, ಕನಿಷ್ಠ ಇಬ್ಬರು ದೊಡ್ಡವರು. ಇವಿಲ್ಲದೆ ಶಾಲೆ ಗೇಟು ದಾಟಬೇಡಿ. ಮೊದಲ ನಡಿಗೆಗೆ ಬಾದಾಮಿಯಿಂದ ಗುಡ್ಡ ಹಾಯ್ದು ಮಹಾಕೂಟಕ್ಕೆ ಇಳಿಯುವ ಕಲ್ಲುಹಾದಿ ಚಲೋ. ಮುಂದಿನ ಪೆಟ್ರೋಲ್ ಹರಳಿನಿಂದ ಬಾಣದ ಗುರುತು ಇಡುತ್ತ ಹೋಗಲಿ, ಹಿಂದಿನವರು ಹುಡುಕುತ್ತ ಬರಲಿ. ವೃತ್ತದ ನಡುವೆ ಚುಕ್ಕಿ ಕಂಡರೆ 'ನಾನು ಮನೆಗೆ ಹೋದೆ' ಅಂತ ಅರ್ಥ. ಕೀನ್ಯಾದಲ್ಲಿ ಬೇಡನ್ ಪೊವೆಲ್‌ನ ಸಮಾಧಿ ಕಲ್ಲಿನ ಮೇಲೂ ಅದೇ ಗುರುತು ಇದೆ ಅಂತ ಆ ಕಲ್ಲುಹಾದಿಯಲ್ಲಿ ಕೂತು ಹೇಳಿದಾಗ ಗದ್ದಲ ಮಾಡುವ ಹುಡುಗರೂ ಗಪ್ ಆದರು. ಬುತ್ತಿ ಮಾತ್ರ ಚೀಲದ ಒಳಗೇ ಇರಲಿ. ಬಾದಾಮಿ ಮಂಗ್ಯಾಗಳು ನಮ್ಮ ನವಿಲು ಪೆಟ್ರೋಲಿನ ಅಷ್ಟೂ ರೊಟ್ಟಿ ಒಯ್ದವು.

ಸೇವೆಗೆ ದೂರ ಹೋಗಬೇಕಿಲ್ಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ನೀರು ಕೊಡುವುದು, ತಪ್ಪಿಸಿಕೊಂಡ ಮಕ್ಕಳನ್ನು ಮೈಕಿನವರ ಹತ್ತಿರ ಮುಟ್ಟಿಸುವುದು ಹುಡುಗರಿಗೆ ತಕ್ಕ ಕೆಲಸ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಶಾಲೆಗಳೇ ಪರಿಹಾರ ಕೇಂದ್ರವಾದಾಗ ನಮ್ಮ ಹುಡುಗರಿಗೆ ಹೊಳೆ ಕಡೆ ಹೋಗುವ ಹುಮ್ಮಸ್ಸು. ಒಬ್ಬರನ್ನೂ ಬಿಡಲಿಲ್ಲ. ಮನೆವಾರು ಪಟ್ಟಿ ಬರೆಯುವುದು, ಊಟದ ಸಾಲು ನಿಲ್ಲಿಸುವುದು, ಅಳುವ ಕೂಸುಗಳನ್ನು ಆಡಿಸುವುದು ಅವರ ಪಾಲಿಗೆ. ಮೂರನೇ ದಿನ ಪಟ್ಟಿ ಯಾರ ಹತ್ತಿರ ಇದೆ ಅಂತ ತಲಾಠಿ ಹುಡುಕಿಕೊಂಡು ಬಂದದ್ದು ಒಂಬತ್ತನೇ ತರಗತಿ ಹುಡುಗನ ಹತ್ತಿರ.

ವರ್ಗಾವಣೆಗೆ ಮೊದಲು

ಸಮವಸ್ತ್ರ ದುಬಾರಿ. ಹತ್ತನೇ ಮುಗಿಸಿದವರು ಬೂದು ಅಂಗಿ, ನೀಲಿ ಚಡ್ಡಿ ಒಗೆದು ಇಸ್ತ್ರಿ ಮಾಡಿ ಶಾಲೆಗೇ ಕೊಡುವ ರೂಢಿ ಹಾಕಿದೆ. ಸ್ಕಾರ್ಫ್ ಮಾತ್ರ ಅವರ ನೆನಪಿಗೆ ಇರಲಿ. ಅಂಗಿ ಇಲ್ಲವೆಂದು ಯಾರನ್ನೂ ಸಭೆಯಿಂದ ಹೊರಗೆ ನಿಲ್ಲಿಸಬೇಡಿ.

ಹೆಚ್ಚಿನ ದಳಗಳು ಸಾಯುವುದು ಮಾಸ್ತರನಿಗೆ ವರ್ಗ ಆದ ತಿಂಗಳಲ್ಲಿ. ನನಗೂ ಆಯಿತು. ಅಷ್ಟರೊಳಗೆ ಒಂದು ಕಬ್ಬಿಣದ ಟ್ರಂಕಿನಲ್ಲಿ ನೋಂದಣಿ ಪತ್ರ, ಯಾರ ಯಾವ ಸೋಪಾನ ಯಾವ ದಿನ ಮುಗಿಯಿತು ಅನ್ನುವ ರಿಜಿಸ್ಟರ್, ಎಣಿಸಿ ಬರೆದ ಹಗ್ಗಗಳು, ಧ್ವಜ, ಸೀಟಿ, ಔಷಧ ಡಬ್ಬಿ, ಹಳೆ ಅಂಗಿಗಳನ್ನು ಇಟ್ಟಿದ್ದೆ. ಒಂದು ಕೀಲಿ ಮುಖ್ಯ ಗುರುಗಳ ಕಪಾಟಿನಲ್ಲಿ. ಇನ್ನೊಂದನ್ನು ಹಿರಿಯ ಪೆಟ್ರೋಲ್ ಲೀಡರ್ ಕೈಗೆ ಕೊಡಿ. ನಾನು ಊರು ಬಿಟ್ಟ ಮೇಲೆ ಹೊಸ ಮಾಸ್ತರ್ ಬರಲು ಏಳು ತಿಂಗಳು ಹಿಡಿಯಿತು. ಅಷ್ಟೂ ಶನಿವಾರ ಟ್ರಂಕು ತೆಗೆದವನು ಆ ಹುಡುಗ.